ಟಿಕೆಟ್ ಇಲ್ಲದ ನಾಲ್ವರು

ಅಬ್ದುಲ ಅಜೀಜ ಅಂಗಳದಲ್ಲಿ ಮೊಣಕಾಲೂರಿ, ಬಿದಿರಿಗೆ ಬಿಗಿದ ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದ. ಗಂಟು ಗಟ್ಟಿಯಾಗಿಯೇ ಇತ್ತು. ಅವನಿಗೆ ಸಮಾಧಾನವಾಗಲಿಲ್ಲ. ಬಿಚ್ಚಿ ಹೊಸದಾಗಿ ಕಟ್ಟತೊಡಗಿದ.

"ಸಾಕ್ರಿ ಚಾಚಾ, ಗಟ್ಟಿ ಅದ," ಎಂದ ವಿಶ್ವಾಸ.

"ನಿನಗೇನ್ ಗೊತ್ತು? ಇಪ್ಪತ್ತೆರಡು ವರ್ಷ ನಾ ಹೊಡಿಯೋ ಬಸ್ಸಿನ್ಯಾಗ ನಿಂತು ಬಂದಾನ ನಿಮ್ಮಪ್ಪ. ಒಂದಿನ ಬೀಳಗೊಟ್ಟಿಲ್ಲ. ಇವತ್ತ ಬೀಳಸ್ಲೇನು?"

ವಿಶ್ವಾಸ ಹಗ್ಗದ ತುದಿ ಹಿಡಿದುಕೊಟ್ಟ. ಒಳಗೆ ಹಾಲ್‌ನಲ್ಲಿ ಅವನ ಅಪ್ಪ ಕಾಶೀರಾಮ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಸಂಜೆ ಚಹಾ ಕುಡಿದವನು, ಕಪ್ಪನ್ನು ಕೆಳಗಿಟ್ಟು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಆಟೋ ಬರುವುದರೊಳಗೆ ಎಲ್ಲ ಮುಗಿದಿತ್ತು. ಅರವತ್ತೊಂಬತ್ತು ವಯಸ್ಸು. ಭಾಲ್ಕಿ ಡಿಪೋದಲ್ಲಿ ಮೂವತ್ತಮೂರು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಖಟಕ ಚಿಂಚೋಳಿಯ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಮೈಲೂರಿನಲ್ಲಿ ಎರಡು ಖೋಲಿಯ ಮನೆ ಕಟ್ಟಿಕೊಂಡವನು. ಅವನ ಬಗ್ಗೆ ಪತ್ರಿಕೆಯಲ್ಲಿ ಬರುವಂಥದ್ದು ಏನೂ ಇರಲಿಲ್ಲ.

ಹತ್ತು ಗಂಟೆಗೆ ಅವನ ಅಣ್ಣ ಪಂಢರಿ ಖಟಕ ಚಿಂಚೋಳಿಯಿಂದ ಬಂದಿಳಿದ. ಎಪ್ಪತ್ತೈದರ ಮುದುಕ. ತಮ್ಮನ ಮುಖವನ್ನು ನೋಡಿ, ಗಳಿಗೆ ಹೊತ್ತು ಬಾಯಿಗೆ ಟವೆಲು ಒತ್ತಿ ನಿಂತು, ಹೊರಗೆ ಬಂದು ಕಲ್ಲಿನ ಮೇಲೆ ಕುಳಿತ. ಮನೆಯ ಹಿರಿಯನಾದ್ದರಿಂದ ಕೆಲಸ ಹಂಚುವುದು ಅವನ ಪಾಲಿಗೆ ಬಂತು.

"ಹೆಗಲಿಗೆ ಯಾರ್ಯಾರು?" ಎಂದು ಕೇಳಿ ತಾನೇ ಹೇಳಿದ. "ಮುಂದ ನಾನು, ವಿಶ್ವಾಸ. ಹಿಂದ ಅಜೀಜಭಾಯಿ, ಮತ್ತ ಸೊಸಿ ತಮ್ಮ, ಡಾಬಕಾದ ಹುಡುಗ... ಏನವನ ಹೆಸರು?"

"ಕಪಿಲ," ಎಂದ ವಿಶ್ವಾಸ.

ಬಾಗಿಲ ಹೊಸ್ತಿಲಲ್ಲಿ ಸೊಸೆ ವಿಶಾಖಾ ನಿಂತಿದ್ದಳು. ಔರಾದ ತಾಲ್ಲೂಕಿನಲ್ಲಿ ಭೂಮಾಪಕಿ. ರಾತ್ರಿಯಿಡೀ ಅತ್ತು ಕಣ್ಣು ಊದಿದ್ದವು, ಆದರೆ ದನಿ ನೆಟ್ಟಗಿತ್ತು.

"ದೊಡ್ಡಪ್ಪಾ, ಒಂದು ಹೆಗಲು ನಂದಿರಲ್ರಿ."

ಪಂಢರಿ ಅವಳ ಕಡೆ ನೋಡದೆ ಟವೆಲು ಕೊಡವಿದ.

"ಹೆಣ್ಮಕ್ಕಳು ಹೆಗಲು ಕೊಡೋ ಪದ್ಧತಿ ನಮ್ಮ ಮನ್ಯಾಗಿಲ್ಲ."

"ಮಾಮಾ ನನಗ ಅಪ್ಪನಕಿಂತ ಹೆಚ್ಚು ಇದ್ರು."

"ಬ್ಯಾಡ ಅಂದ್ರ ಬ್ಯಾಡವಾ. ಅದರಾಗ ನೀನು..." ಎಂದವನು ತಡೆದ. ಮಿಕ್ಕದ್ದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಲ್ಲಿದ್ದ ನೆಂಟರಲ್ಲಿ ನಾಲ್ಕಾರು ಮಂದಿ ತಲೆ ತಗ್ಗಿಸಿದರು. ಕಾಶೀರಾಮನ ಸೊಸೆ ಎಂದರೆ ಕಂಪ್ಯೂಟರಿನಲ್ಲಿ ಏನೇನೋ ನೋಡುತ್ತಿದ್ದವಳು ಎಂಬ ಮಾತು ಖಟಕ ಚಿಂಚೋಳಿಯಲ್ಲಿ ಏಳು ವರ್ಷದಿಂದ ಉಳಿದುಕೊಂಡಿತ್ತು.

ವಿಶಾಖಾ ಗಂಡನ ಕಡೆ ನೋಡಿದಳು. ವಿಶ್ವಾಸ ಹಗ್ಗದ ಗಂಟು ನೋಡುತ್ತಿದ್ದ. ಅವಳು ಒಳಗೆ ಹೋದಳು.

* * *

ಏಳು ವರ್ಷದ ಹಿಂದಿನ ಮಾತು. ವಿಶಾಖಾ ಆ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಕಾಶೀರಾಮನಿಗೆ ಅವಳು ಹೊಸಬಳಲ್ಲ. ಡಾಬಕಾದಿಂದ ಔರಾದಿನ ಕಾಲೇಜಿಗೆ ಎರಡು ವರ್ಷ ಅವನ ಬಸ್ಸಿನಲ್ಲೇ ಪಾಸು ತೋರಿಸಿ ಹೋಗಿಬರುತ್ತಿದ್ದ ಹುಡುಗಿ. ಸೀಟು ಸಿಗದ ದಿನ ಕಂಬಕ್ಕೆ ಒರಗಿ ನಿಂತೇ ಓದುತ್ತಿದ್ದವಳು. ಆಮೇಲೆ ಬೀದರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ಮಗನಿಗೆ ಹೆಣ್ಣು ನೋಡುವಾಗ ಅವಳ ಹೆಸರು ಎತ್ತಿದವನು ಅವನೇ. ಮದುವೆಯಾದ ಮೇಲೂ ಅವಳು ಸರ್ವೇಯರ್ ಪರೀಕ್ಷೆಗೆ ಓದುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿಸಿ ಹಾಲ್‌ನಲ್ಲಿದ್ದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ವಿಶ್ವಾಸ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಬರುವುದು ಸಂಜೆಗೆ.

ಜೂನ್ ಮೊದಲ ವಾರ ಪಂಢರಿ ತನ್ನ ಹೊಲದ ಪಹಣಿ ನೋಡಬೇಕೆಂದು ಬಂದ. ಅವತ್ತು ಅಂಗಡಿಗೆ ರಜೆ, ವಿಶ್ವಾಸನೂ ಮನೆಯಲ್ಲಿದ್ದ. ವಿಶಾಖಾ ಪರದೆಯ ಮೇಲೆ ಪಹಣಿ ಎಂದು ಬರೆದು ಗುಂಡಿ ಒತ್ತಿದಳು. ಪಹಣಿ ಬರಲಿಲ್ಲ. ಬೇರಾವುದೋ ಪುಟ ತೆರೆದುಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಯದರಲ್ಲಿ ಅರೆಬೆತ್ತಲೆ ಹೆಣ್ಣೊಬ್ಬಳು ಪರದೆ ತುಂಬ ನಿಂತು, ನನ್ನ ಜೊತೆ ಮಾತಾಡುತ್ತೀಯಾ ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಮುಚ್ಚಿದರೆ ಮತ್ತೊಬ್ಬಳು ಬಂದಳು.

ಪಂಢರಿ ಎದ್ದು ತಮ್ಮನ ಕಡೆ ತಿರುಗಿದ. "ಇದೇನು ನಿಮ್ಮ ಸೊಸಿ ಓದೋದು?"

"ನನಗ ಗೊತ್ತಿಲ್ರಿ. ವಾರದಿಂದ ಹಿಂಗೇ ತಾನಾಗೇ ಬರ್ಲಾಕತ್ತಾವ," ಎಂದಳು ವಿಶಾಖಾ. ಬಂದ ಪುಟಗಳನ್ನು ಮುಚ್ಚುತ್ತಲೇ ಇದ್ದಳು.

"ವಾರದಿಂದ ಬರ್ಲಾಕತ್ತಾವ ಅಂದ್ರ ಯಾಕ ಹೇಳಲಿಲ್ಲ?" ಎಂದು ವಿಶ್ವಾಸ ಗದರಿದ.

ಹೇಗೆ ಹೇಳುತ್ತಾಳೆ? ಹೇಳಬೇಕಾದರೆ ಆ ಚಿತ್ರಗಳ ಬಗ್ಗೆ ಬಾಯಿ ಬಿಡಬೇಕಿತ್ತು.

ಪಂಢರಿ ಪಹಣಿ ನೋಡದೆಯೇ ಊರಿಗೆ ಹೋದ. ಮರುದಿನ ವಿಶ್ವಾಸ ಅಂಗಡಿಯಲ್ಲಿ ಯಾರಿಂದಲೋ ಒಂದು ಮಾತು ಕೇಳಿಕೊಂಡು ಬಂದ: ನಾವು ಏನು ನೋಡುತ್ತೇವೋ ಅಂಥದೇ ಜಾಹೀರಾತು ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅದು ಅವನ ತಲೆಯಲ್ಲಿ ಕೂತುಬಿಟ್ಟಿತು. ಇಂಟರ್ನೆಟ್ಟಿನ ವಯರು ಕಿತ್ತು ಕಪಾಟಿನಲ್ಲಿಟ್ಟ. ಹೆಂಡತಿಯೊಡನೆ ಮಾತು ಬಿಟ್ಟ. ಮೂರನೇ ದಿನ ಬೆಳಿಗ್ಗೆ, "ಸ್ವಲ್ಪ ದಿನ ಡಾಬಕಾಕ್ಕ ಹೋಗಿರು," ಎಂದ.

ವಿಶಾಖಾ ಬ್ಯಾಗು ತುಂಬಿದಳು. ಅವಳು ಬಾಗಿಲಿಗೆ ಬರುವಾಗ ಕಾಶೀರಾಮ ತರಕಾರಿ ಚೀಲ ಹಿಡಿದು ಎದುರಾದ. ಬ್ಯಾಗು ನೋಡಿದ, ಮಗನ ಮುಖ ನೋಡಿದ.

"ಯಾಕ?"

"ನಿಮಗ ಗೊತ್ತಿಲ್ಲೇನು ಅಪ್ಪಾ? ದೊಡ್ಡಪ್ಪನ ಮುಂದ ಮಾನ ಹೋಯ್ತು."

"ಈಕಿ ನೋಡಿದ್ದು ನೀ ಕಂಡಿಯೇನು?"

"ಮತ್ತ ತಾನಾಗೇ ಬರ್ತಾವೇನು?"

ಕಾಶೀರಾಮ ಚೀಲ ಕೆಳಗಿಟ್ಟ. "ನೋಡು ವಿಶ್ವಾಸ. ಮೂವತ್ತಮೂರು ವರ್ಷದಾಗ ಚೆಕ್ ಮಾಡದೇ ಯಾರನ್ನೂ ನಾ ಬಸ್ಸಿನಿಂದ ಕೆಳಗ ಇಳಿಸಿಲ್ಲ. ನೀ ಮನಿಯಿಂದ ಇಳಸ್ಲಾಕತ್ತಿದಿ. ನನಗ ಮೂರು ದಿನ ಕೊಡು. ಈಕಿದೇ ತಪ್ಪಿದ್ರ ನಾನೇ ಡಾಬಕಾ ಬಸ್ಸು ಹತ್ತಿಸ್ತೇನಿ."

ಆವರೆಗೆ ಅವನು ಮೌಸ್ ಮುಟ್ಟಿದವನೇ ಅಲ್ಲ.

* * *

"ನಮ್ಮ ಮನ್ಯಾಗಿನ ಕಂಪ್ಯೂಟರ್ ಕಾಶೀರಾಮ ಕಾಕಾನೇ ಸುಧಾರಿಸಿದ್ದು," ಎಂದು ಪಕ್ಕದ ಮನೆಯ ಸಿದ್ದೇಶ್ವರಿ ಅಂಗಳದ ಹೆಂಗಸರಿಗೆ ಹೇಳುತ್ತಿದ್ದಳು. ಪಂಢರಿಯ ಮಾತಿನಿಂದ ಬಿಗಿದಿದ್ದ ಅಂಗಳ ಮೆಲ್ಲಗೆ ಸಡಿಲವಾಗುತ್ತಿತ್ತು. "ಮಗನ ಸ್ಕಾಲರ್‌ಶಿಪ್ ಫಾರ್ಮ್ ತುಂಬ್ಲಾಕ ಹೋದ್ರ ಬರೇ ಲಾಟರಿ, ಬರೇ ಲಾಟರಿ. ಕಾಕಾ ಬಂದ್ರು, ಚಷ್ಮಾ ಹಾಕ್ಕೊಂಡ್ರು, ಕಂಪ್ಯೂಟರಿಗೆ, ಎಲ್ಲಿ ಹತ್ತಿದಿ ನೀನು, ಟಿಕೆಟ್ ತೋರಸು, ಅಂದ್ರು. ನನಗ ನಗು ತಡಿಲಾರದಾಯ್ತು."

"ಫೀಸು?" ಎಂದು ಯಾರೋ ಕೇಳಿದರು.

"ಏನ್ ಫೀಸು? ಒಂದು ಕಪ್ ಚಹಾ, ಅದರಾಗ ಎರಡು ಚಮಚ ಸಕ್ರಿ."

ಅಳುವಿನ ನಡುವೆಯೇ ಹೆಂಗಸರು ನಕ್ಕರು. ಒಳಗಿನಿಂದ ಕಾಶೀರಾಮನ ಹೆಂಡತಿ ಕೌಸಲ್ಯಾಬಾಯಿಯ ದನಿ ಬಂತು. "ಅದಕ್ಕೇ ಸಕ್ರಿ ರೋಗ ಏರಿತ್ತು ಮುದುಕಗ. ಮನ್ಯಾಗ ನಾ ಸಕ್ರಿ ಮುಚ್ಚಿಡ್ತಿದ್ದೆ. ನಿಮ್ಮ ಮನಿ ಕಂಪ್ಯೂಟರ್ ಕೆಟ್ಟದಂದ್ರ ಓಡಿ ಬರ್ತಿದ್ದ."

ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ ಹೂವಿನ ಹಾರ ತಂದಿದ್ದ. ಅಬ್ದುಲ ಅಜೀಜನ ಪಕ್ಕ ಕುಕ್ಕುರುಗಾಲಲ್ಲಿ ಕೂತು, "ನನ್ನ ಗಿರಾಕಿಗಳನ್ನೆಲ್ಲಾ ಅಂಕಲ್ ಪುಕ್ಕಟೆ ಎಳಕೊಂಡ್ರು," ಎಂದ. "ಆದ್ರ ಖರೇ ಹೇಳ್ತೇನ್ರಿ ಚಾಚಾ, ನಾನು ಫಾರ್ಮ್ಯಾಟ್ ಹೊಡದು ಕೈ ತೊಳಕೊಳ್ಳೋನು. ಹುಡುಕಿ ತೆಗಿಯೋದು ಅವರಿಂದ ಕಲ್ತೆ."

"ಮೊದಲ ಸಲ ನಿನ್ನ ಹತ್ರ ಯಾಕ ಬಂದಿದ್ದ?" ಎಂದು ಕೇಳಿದ ಅಜೀಜ.

ಇಮ್ರಾನ ಗೇಟಿನ ಹತ್ತಿರ ನಿಂತ ವಿಶ್ವಾಸನ ಕಡೆ ಒಮ್ಮೆ ನೋಡಿದ. "ಅದು ಅವರ ಮನಿ ಮಾತು ಬಿಡ್ರಿ," ಎಂದಷ್ಟೇ ಹೇಳಿ ಹಾರದ ದಾರ ಬಿಡಿಸತೊಡಗಿದ.

ವಿಶ್ವಾಸನಿಗೆ ಅದು ಕೇಳಿಸಿತು. ಒಳಗೆ ಹೆಂಡತಿ ಅಪ್ಪನ ಕಾಲಿನ ಬಳಿ ಮೋಂಬತ್ತಿ ಬದಲಿಸುತ್ತಿದ್ದುದು ತೆರೆದ ಬಾಗಿಲಲ್ಲಿ ಕಾಣುತ್ತಿತ್ತು.

* * *

ಮಗನಿಂದ ಪಡೆದ ಮೂರು ದಿನದಲ್ಲಿ ಮೊದಲನೇ ದಿನ ಕಾಶೀರಾಮ ಕಂಪ್ಯೂಟರಿನ ಡಬ್ಬಿಯನ್ನೇ ಆಟೋದಲ್ಲಿ ಹಾಕಿಕೊಂಡು ಇಮ್ರಾನನ ಅಂಗಡಿಗೆ ಹೋದ.

"ಇದಕ್ಕ ಬ್ರೌಸರ್ ಹೈಜಾಕರ್ ಅಂತಾರ್ರಿ ಅಂಕಲ್," ಎಂದ ಇಮ್ರಾನ. "ನೀವು ಒಂದು ಕಡಿ ಹೊಂಟ್ರ ಇದು ಇನ್ನೊಂದು ಕಡಿ ಒಯ್ತದ. ಬಿಟ್ಟು ಹೋಗ್ರಿ. ಫಾರ್ಮ್ಯಾಟ್ ಮಾಡ್ತೇನಿ, ಎಲ್ಲಾ ಅಳಿಸಿ ಹೊಸದಾಗ್ತದ."

"ಎಲ್ಲಾ ಅಳಿಸಿದ್ರ, ಇದು ಯಾವಾಗ ಬಂತು ಅನ್ನೋದು?"

"ಅದೂ ಹೋಗ್ತದ್ರಿ."

"ಹಂಗಾದ್ರ ಬ್ಯಾಡ. ಕಳ್ಳನೂ ಹೋಗ್ತಾನ, ಸಾಕ್ಷಿನೂ ಹೋಗ್ತದ. ನನಗ ಸಾಕ್ಷಿ ಬೇಕು."

ಇಮ್ರಾನ ಆ ಮುದುಕನನ್ನು ಹೊಸದಾಗಿ ನೋಡಿದ. ಕುರ್ಚಿ ಕೊಟ್ಟು ಕೂರಿಸಿ, ಒಳಗೆ ಯಾವ ಯಾವ ಪ್ರೋಗ್ರಾಂ ಇವೆ, ಯಾವ ತಾರೀಖಿಗೆ ಬಂದಿವೆ ಎಂದು ತೋರಿಸುವ ಪಟ್ಟಿಯನ್ನು ತೆರೆಯುವುದು ಹೇಗೆ ಎಂದು ಕಲಿಸಿಕೊಟ್ಟ. ಕಾಶೀರಾಮ ನಾಲ್ಕು ಸಲ ತಪ್ಪಿ ಐದನೇ ಸಲ ತೆರೆದ. ಮನೆಗೆ ಬಂದು, ಕಪಾಟಿನಿಂದ ವಯರು ತೆಗೆದು ಜೋಡಿಸಿ, ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಇಳಿಸಿದ. ಮೂವತ್ತೇಳು ಹೆಸರು. ಎದುರಿಗೆ ತಾರೀಖು. ಮಧ್ಯಾಹ್ನದ ಊಟವನ್ನೂ ಮರೆತ.

ಎರಡನೇ ದಿನ ಪಟ್ಟಿಯನ್ನು ಒಯ್ದು ಇಮ್ರಾನನ ಮುಂದಿಟ್ಟ. ಇದು ಪ್ರಿಂಟರಿನದು, ಇದು ಸೌಂಡಿನದು, ಇದು ಕನ್ನಡ ಅಕ್ಷರದ್ದು ಎಂದು ಇಮ್ರಾನ ಒಂದೊಂದಕ್ಕೂ ಗುರುತು ಹಾಕಿದ. ಕೊನೆಗೆ ಗುರುತಿಲ್ಲದೆ ಉಳಿದವು ನಾಲ್ಕು. ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವ ಒಂದು ಪುಕ್ಕಟೆ ಸಾಫ್ಟ್‌ವೇರ್. ಅದರ ಜೊತೆ ಬ್ರೌಸರಿಗೆ ಅಂಟುವ ಒಂದು ಸರ್ಚ್ ಟೂಲ್‌ಬಾರ್. ಕಂಪ್ಯೂಟರನ್ನು ಚುರುಕು ಮಾಡುತ್ತೇನೆ ಎನ್ನುವ ಒಂದು. ರಿಯಾಯಿತಿ ಕೂಪನ್ ಕೊಡುತ್ತೇನೆ ಎನ್ನುವ ಇನ್ನೊಂದು. ನಾಲ್ಕರ ಎದುರಿಗೂ ಒಂದೇ ತಾರೀಖು. ಮೇ ಹದಿನಾಲ್ಕು.

ಕಾಶೀರಾಮ ಆ ತಾರೀಖನ್ನು ಬಹಳ ಹೊತ್ತು ನೋಡಿದ. ಆಮೇಲೆ ನೋಟ್‌ಬುಕ್ಕು ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

ಮನೆಗೆ ಬಂದು ಆ ನಾಲ್ವರನ್ನು ಇಳಿಸಲು ಕುಳಿತ. ಮೊದಲನೆಯದನ್ನು ತೆಗೆಯಹೋದಾಗ ದೊಡ್ಡ ಹಸಿರು ಗುಂಡಿಯೊಂದು ಎದ್ದಿತು. ಒತ್ತಲು ಹೋದವನು ತಡೆದು ಕೂಗಿದ. "ವಿಶಾಖಾ, ಇದೇನ್ ಬರದದ ಜರಾ ಓದವಾ."

ಅವಳು ಕಂಪ್ಯೂಟರ್ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದಳು. ಅಡುಗೆ ಮನೆಯ ಬಾಗಿಲಲ್ಲೇ ನಿಂತು ಕುತ್ತಿಗೆ ಚಾಚಿ ಓದಿದಳು. "ಹಸಿರು ಒತ್ತಬ್ಯಾಡ್ರಿ ಮಾಮಾ. ಅದು ಇಟ್ಟುಕೋ ಅಂತದ. ಕೆಳಗ ಸಣ್ಣದಾಗಿ ಬೂದಿ ಬಣ್ಣದಾಗದ ನೋಡ್ರಿ, ಅದು ತೆಗಿ ಅನ್ನೋದು."

"ಹುಷಾರ್ ಇದ್ದಾನ ಮಗ," ಎಂದು ಕಾಶೀರಾಮ ಬೂದಿ ಅಕ್ಷರ ಒತ್ತಿದ. ಒಂದು ಇಳಿಯಿತು. ಎರಡನೆಯದಕ್ಕೆ ವಿಶಾಖಾ ಹಾಲ್‌ವರೆಗೆ ಬಂದಳು. ನಾಲ್ಕನೆಯದು ಇಳಿಯುವ ಹೊತ್ತಿಗೆ ಅವನ ಕುರ್ಚಿಯ ಹಿಂದೆ ನಿಂತಿದ್ದಳು.

ಆದರೆ ಬ್ರೌಸರ್ ತೆರೆದರೆ ಅದೇ ಕೆಟ್ಟ ಪುಟ.

ಮೂರನೇ ದಿನ ಬೆಳಿಗ್ಗೆ ಇಮ್ರಾನ ಫೋನಿನಲ್ಲಿ ಹೇಳಿದಂತೆ, ಬ್ರೌಸರಿನೊಳಗೆ ಅಂಟಿಕೊಂಡಿದ್ದ ಎಕ್ಸ್‌ಟೆನ್ಷನ್ ಎಂಬುದನ್ನೂ ತೆಗೆದರು. ಹುಡುಕಿದರೆ ಈಗ ಸರಿಯಾದ ಪುಟ ಬರುತ್ತಿತ್ತು. ಆದರೆ ಬ್ರೌಸರ್ ಮುಚ್ಚಿ ಮತ್ತೆ ತೆರೆದರೆ ಮೊದಲು ಕಾಣುವುದು ಆ ಹೆಂಗಸೇ. ಕಾಶೀರಾಮ ಚಷ್ಮಾ ತೆಗೆದು ಕಣ್ಣೊರೆಸಿಕೊಂಡ. ಸಂಜೆಗೆ ಗಡುವು ಮುಗಿಯುತ್ತಿತ್ತು.

"ಎಲ್ಲಾ ಸೀಟು ನೋಡಿದೆ. ಇನ್ನೆಲ್ಲಿ ಕುಂತಾನ ಇವ?"

ವಿಶಾಖಾ ಅವನ ಭುಜದ ಮೇಲಿಂದ ಬಾಗಿದಳು. ಬ್ರೌಸರ್ ತೆರೆಯಲು ಒತ್ತುವ ಚಿತ್ರದ ಒಳವಿವರವನ್ನು ತೆರೆಯಿಸಿದಳು. ಅದರಲ್ಲಿ ಒಂದು ಉದ್ದನೆಯ ಸಾಲಿತ್ತು. ಅವಳು ಗಕ್ಕನೆ ಮೌಸನ್ನು ಅವನ ಕೈಯಿಂದ ತೆಗೆದುಕೊಂಡು ಸಾಲಿನ ಕೊನೆಗೆ ಸರಿದಳು.

"ಮಾಮಾ, ಬಾಲ ನೋಡ್ರಿ! ಆ ಹೊಲಸು ಪುಟದ ವಿಳಾಸ ಇದರ ಬಾಲಕ್ಕ ಹಚ್ಚ್ಯಾರ. ನಾವು ಬಾಗಿಲ ತೆರೀಲಾಕ ಹೋದಾಗೆಲ್ಲಾ ಅಲ್ಲಿಗೇ ಕರಕೊಂಡು ಹೋಗ್ತದ."

"ಕತ್ತರಸು!"

ಅವಳು ಬಾಲವನ್ನು ಅಳಿಸಿದಳು. ಬ್ರೌಸರ್ ಮುಚ್ಚಿದಳು. ತೆರೆದಳು. ಖಾಲಿ, ಬೆಳ್ಳನೆಯ ಪುಟ ಬಂತು. ಕಾಶೀರಾಮ ಎರಡೇ ಬೆರಳು ಆಡಿಸಿ ಒಂದೊಂದೇ ಅಕ್ಷರ ಹುಡುಕಿ, ಔರಾದ ಬಸ್ ಟೈಮ್ ಎಂದು ಹೊಡೆದ. ಬಸ್ಸಿನ ಟೈಮೇ ಬಂತು. ಮಾವ ಸೊಸೆ ಇಬ್ಬರೂ ಒಟ್ಟಿಗೆ ಕೂಗಿದ ಸದ್ದಿಗೆ ಕೌಸಲ್ಯಾಬಾಯಿ ಸೌಟು ಹಿಡಿದುಕೊಂಡೇ ಓಡಿಬಂದಳು.

ಸಂಜೆ ಕಾಶೀರಾಮ ಅಣ್ಣನನ್ನು ಕರೆಸಿದ. ಅದೇ ಕುರ್ಚಿಯಲ್ಲಿ ಕೂರಿಸಿ, ಸೊಸೆಯ ಕೈಯಿಂದಲೇ ಪಹಣಿ ತೆಗೆಸಿ ತೋರಿಸಿದ. ಆಮೇಲೆ ನೋಟ್‌ಬುಕ್ಕು ಬಿಚ್ಚಿದ.

"ನಾಲ್ಕು ಮಂದಿ ಟಿಕೆಟ್ ಇಲ್ಲದೇ ಹತ್ತಿದ್ರು ಅಣ್ಣಾ. ನಾಲ್ಕೂ ಮಂದಿ ಮೇ ಹದಿನಾಲ್ಕಕ್ಕ. ಕೌಸಲ್ಯಾ, ಅವತ್ತ ಸೊಸಿ ಎಲ್ಲಿದ್ದಳು?"

"ಡಾಬಕಾದಾಗ," ಎಂದಳು ಕೌಸಲ್ಯಾಬಾಯಿ. "ಅವರವ್ವ ಮಹಾಮಾಯಾಂದು ಕಣ್ಣಿನ ಆಪರೇಷನ್ ಇತ್ತು. ಹತ್ತು ದಿನ ಅಲ್ಲೇ ಇದ್ದಳು."

"ಸೊಸಿ ಅಲ್ಲ. ಅಷ್ಟು ಗೊತ್ತಾದ್ರ ಸಾಕು," ಎಂದು ಕಾಶೀರಾಮ ನೋಟ್‌ಬುಕ್ಕು ಮುಚ್ಚಿದ. ಮತ್ತೆ ಯಾರು ಎಂದು ಅವನು ಹೇಳಲಿಲ್ಲ. ಮಗನ ಕಡೆ ನೋಡಲೂ ಇಲ್ಲ. ಪಂಢರಿ, "ಮಶಿನ್ ಮಾತು ಯಾರು ಕೇಳಬೇಕು," ಎಂದು ಗೊಣಗಿ ಎದ್ದ.

ಮರುದಿನ ವಿಶ್ವಾಸ ಹೆಂಡತಿಯ ಬ್ಯಾಗಿನಿಂದ ಪರೀಕ್ಷೆಯ ಪುಸ್ತಕಗಳನ್ನು ತೆಗೆದು ಕಂಪ್ಯೂಟರಿನ ಪಕ್ಕ ಜೋಡಿಸಿಟ್ಟ. ಮಾತಿಗೆ ಮಾತು ಕೂಡಿತು. ಮುಂದಿನ ವರ್ಷ ವಿಶಾಖಾ ಪಾಸಾದಳು. ಆದರೆ ತಪ್ಪು ನನ್ನದು ಎಂಬ ಒಂದು ವಾಕ್ಯ ಅವನ ಬಾಯಿಂದ ಅಪ್ಪ ಇರುವತನಕ ಬರಲಿಲ್ಲ.

* * *

ಬುದ್ಧವಿಹಾರದ ಉಪಾಸಕ ಸಂಘಪಾಲ ಬಿಳಿ ಬಟ್ಟೆಯಲ್ಲಿ ಬಂದು, "ವಂದನಾ ಶುರು ಮಾಡೋಣೇನ್ರಿ?" ಎಂದು ಕೇಳಿದ. ದೇಹವನ್ನು ಹೊರಗೆ ತಂದು ಚಟ್ಟದ ಮೇಲಿಟ್ಟಿದ್ದರು. ಕಲ್ಲಿನ ಮೇಲಿದ್ದ ಪಂಢರಿಯನ್ನು ಬಿಟ್ಟು ಎಲ್ಲರೂ ಸುತ್ತ ನಿಂತರು.

"ಜರಾ ತಡೀರಿ," ಎಂದ ವಿಶ್ವಾಸ. ಗೇಟಿನಿಂದ ನಡೆದು ಬಂದು ಅಪ್ಪನ ತಲೆಯ ಬಳಿ ನಿಂತ. "ದೊಡ್ಡಪ್ಪಾ, ಆಗ ಒಂದು ಮಾತು ಅರ್ಧಕ್ಕ ಬಿಟ್ರಿ. ಅದರಾಗ ನೀನು, ಅಂದು ನಿಂತ್ರಿ."

"ಈಗ್ಯಾಕ ಅದು?"

"ಈಗೇ ಬೇಕು. ಅಪ್ಪ ಇನ್ನೂ ಅಂಗಳದಾಗ ಇದ್ದಾನ." ಅವನು ಚಟ್ಟದ ಬಿದಿರು ಹಿಡಿದುಕೊಂಡ. "ಮೇ ಹದಿನಾಲ್ಕಕ್ಕ ಕಂಪ್ಯೂಟರ್ ಮುಂದ ಕುಂತವ ನಾನು. ನಮ್ಮ ಮದುವಿ ವಿಡಿಯೋ ಟಿವಿದಾಗ ಹತ್ತಲಿಲ್ಲ. ಅದಕ್ಕ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡೆ. ಏನ್ ಬರದದ ಅಂತ ಓದದೇ ಎಲ್ಲಾದಕ್ಕೂ ಹೂಂ ಅಂತ ಒತ್ತಿದೆ. ಆ ಹೊಲಸು ಹತ್ತಿಸಿಕೊಂಡವ ನಾನು. ಇಳಿಸಲಾಕ ನೋಡಿದ್ದು ಈಕಿನ್ನ. ಅಪ್ಪಗ ಎರಡನೇ ದಿನಕ್ಕೇ ಗೊತ್ತಾಗಿತ್ತು. ಏಳು ವರ್ಷ ಒಬ್ಬರ ಮುಂದೂ ಹೇಳಿಲ್ಲ. ಈಕಿಗೂ ಗೊತ್ತಿತ್ತು. ಈಕಿನೂ ಹೇಳಿಲ್ಲ. ನಾನೇ ಹೇಳಬೇಕಿತ್ತು."

ಕೌಸಲ್ಯಾಬಾಯಿ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ವಿಶಾಖಾ ಗಂಡನನ್ನೇ ನೋಡುತ್ತಿದ್ದಳು.

ಪಂಢರಿ ಕಲ್ಲಿನಿಂದ ಏಳಲು ಎರಡು ಸಲ ಯತ್ನಿಸಿ, ಅಜೀಜನ ಕೈ ಹಿಡಿದು ಎದ್ದ. ಸೊಸೆಯ ಹತ್ತಿರ ಬಂದು ನಿಂತ. ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ ಆ ಮಡಿಕೆಯನ್ನು ಅವಳ ಬಲ ಹೆಗಲ ಮೇಲಿಟ್ಟ.

"ಬಿದಿರು ಒತ್ತತದವಾ," ಎಂದ. "ಮುಂದಿನ ಜಾಗಾ ನಂದಿತ್ತು. ಅದು ನಿನಗಿರಲಿ."

ಸಂಘಪಾಲ ತ್ರಿಶರಣ ಪಂಚಶೀಲ ಹೇಳಿಸಿದ. ಅಂಗಳದ ಮಂದಿಯೆಲ್ಲ ಹೇಳಿದರು. ಗೊತ್ತಿಲ್ಲದವರು ಕೈ ಮುಗಿದು ನಿಂತರು. ಅಬ್ದುಲ ಅಜೀಜ ಹಿಂದಿನ ಬಿದಿರು ಹಿಡಿದು, "ಎತ್ರಿ," ಎಂದ.

ಎತ್ತಿದ ಕೂಡಲೇ ಚಟ್ಟ ಒಂದು ಕಡೆಗೆ ವಾಲಿತು. ವಿಶ್ವಾಸ ಆರಡಿ ಎತ್ತರದವನು. ವಿಶಾಖಾ ಅವನ ಎದೆಗೆ ಬರುತ್ತಿದ್ದಳು.

"ಸಮ ಇಲ್ಲ, ಸಮ ಇಲ್ಲ," ಎಂದರು ಹಿಂದಿನವರು. "ಎತ್ತರ ಇದ್ದವರು ಯಾರಾದ್ರೂ ಈಕಿ ಜಾಗಾಕ್ಕ ಬರ್ರಿ."

"ಯಾರೂ ಬರಬ್ಯಾಡ್ರಿ," ಎಂದ ವಿಶ್ವಾಸ.

ಅವನು ಮೊಣಕಾಲು ಬಗ್ಗಿಸಿದ. ಬೆನ್ನು ನೆಟ್ಟಗಿಟ್ಟುಕೊಂಡೇ, ತನ್ನ ಹೆಗಲು ಹೆಂಡತಿಯ ಹೆಗಲಿನ ಮಟ್ಟಕ್ಕೆ ಬರುವವರೆಗೆ ಕೆಳಗಿಳಿದ. ಚಟ್ಟ ಸಮವಾಯಿತು. ಮೈಲೂರಿನ ರಸ್ತೆಯುದ್ದಕ್ಕೂ ಅಂಗಡಿಯವರು ಎದ್ದು ನಿಂತು ನೋಡಿದರು: ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು ತಲೆಯೆತ್ತಿ ನಡೆಯುತ್ತಿದ್ದಳು, ಅವಳ ಪಕ್ಕದಲ್ಲಿ ಒಬ್ಬ ಎತ್ತರದ ಗಂಡಸು, ತೊಡೆಗಳು ನಡುಗುತ್ತಿದ್ದರೂ, ಒಮ್ಮೆಯೂ ನೆಟ್ಟಗಾಗದೆ, ಅವಳ ಹೆಜ್ಜೆಯಷ್ಟೇ ಹೆಜ್ಜೆ ಹಾಕುತ್ತ ಸ್ಮಶಾನದವರೆಗೂ ಹೋದ.